ರೊಟ್ಟಿ ಗಾಡಿಯ ಹಳದಿ ದೀಪ

ಕಾರು ಓಡಸೂದು ನಾ ಕಲತದ್ದು ಐವತ್ತು ದಾಟಿದ ಮ್ಯಾಲ. ನಗಬ್ಯಾಡ್ರಿ. ಕಲಿಯಾಕ ಕಾರಣ ಶೋಕಿ ಅಲ್ಲ, ರೊಟ್ಟಿ. ನಮ್ಮ ಮನಿ ಕಾಚಿಗುಡಾದಾಗ, ನಮ್ಮನಿಯವರ ಸ್ಟೀಲ್ ಪಾತ್ರಿ ಅಂಗಡಿ ಬೇಗಂ ಬಜಾರ್‌ದಾಗ, ನನ್ನ ಗಿರಾಕಿ ಎಲ್ಲಾ ಅಮೀರ್‌ಪೇಟ್ ಹಾಸ್ಟೆಲ್‌ದಾಗ. ನಮ್ಮ ಕಡಿ ಹುಡುಗ್ಯಾರು ಕೋಚಿಂಗಿಗೆ ಅಂತ ಬರ್ತಾರ, ಅನ್ನ, ಪಪ್ಪು ಅಂದ್ರ ಇಲ್ಲಿ ಬ್ಯಾಳಿ, ತಿಂದು ತಿಂದು ಬಾಯಿ ಕೆಟ್ಟಿರ್ತೈತಿ, ಜೋಳದ ರೊಟ್ಟಿ ಶೇಂಗಾ ಹಿಂಡಿ ಅಂದ್ರ ಜೀವಾ ಬಿಡ್ತಾರ. ಮೊದಲ ಆಟೋದಾಗ ಒಯ್ತಿದ್ದೆ. ಖಡಕ್ ರೊಟ್ಟಿ ಹೋಗಿ ಮುಟ್ಟೂದ್ರಾಗ ಚೂರು ಚೂರು. ಹಾಸ್ಟೆಲ್ ನಡಸೂ ಬಾಯಿ ಡಬ್ಬಿ ಮುಚ್ಚಳ ತಗದು, 'ರೊಟ್ಟಿ ತಂದೀಯೋ ಚೂಡಾ ತಂದೀಯೋ' ಅಂತ ತೆಲುಗಿನ್ಯಾಗ ಚೇಷ್ಟಿ ಮಾಡ್ತಿದ್ಲು. ನನಗ ಅಕಿ ಚೇಷ್ಟಿ ಹತ್ತಿತು. ನನ್ನದ ಅಂತ ಒಂದು ಗಾಡಿ ಬೇಕು ಅಂತ ಅವತ್ತ ಮನಸ್ಸು ಮಾಡಿದೆ.

ಗೇರಿನ ಗಾಡಿ ತಲಿಗೆ ಹತ್ತಲಿಲ್ಲ. ಕರೆಂಟಿನ ಗಾಡಿಗೆ ಗೇರೂ ಇಲ್ಲ, ಕ್ಲಚ್ಚೂ ಇಲ್ಲ, ಒಂದು ಓಡಸೂದು, ಒಂದು ನಿಲ್ಲಸೂದು. ರೊಟ್ಟಿ ಬಡದ ದುಡ್ಡಿನ್ಯಾಗ ಅದನ್ನ ತಗೊಂಡೆ. ಆದ್ರ ಕಾಗದ ನಮ್ಮನಿಯವರ ಹೆಸರಿಗೆ ಆದ್ವು. ಶೋರೂಮಿನ್ಯಾಗ ಕುಂತಾಗ ಅವರು ತಮ್ಮ ಆಧಾರ್ ಕಾರ್ಡು ಟೇಬಲ್ ಮ್ಯಾಲ ಇಟ್ರು, ಅಲ್ಲಿದ್ದವರು ತಗೊಂಡ್ರು, ನನ್ನ ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಗಾಡಿ ಮನಿ ಮುಂದ ಬಂದು ನಿಂತ್ರ ಸಾಕಾಗಿತ್ತು ನನಗ.

ಮೊದಲ ಮೊದಲ ಏನ ಸುಖಾ ಅಂತೀರಿ! ಖೈರತಾಬಾದ್ ಸಿಗ್ನಲ್‌ದಾಗ ಊರೆಲ್ಲಾ ಹಾರ್ನ್ ಹೊಡಕೋತ ನಿಂತಾಗ ನನ್ನ ಗಾಡಿ ಸಪ್ಪಳ ಇಲ್ಲದ ನಿಂತಿರ್ತಿತ್ತು. ಹಿಂದ ರೊಟ್ಟಿ ಡಬ್ಬಿ, ಮುಂದ ನಾನು. ಮದಿವ್ಯಾಗಿ ಈ ಊರಿಗೆ ಬಂದಾಗಿಂದ ಹಂಗ ಒಬ್ಬಾಕಿನ ಕುಂತದ್ದ ಇಲ್ಲ. ಎಸಿ ಹಾಕ್ಕೊಂಡು, ಸೆರಗು ಸಡಲ ಬಿಟ್ಟು, ಕಣದಾಗ ರಾಶಿ ಮಾಡೂಮುಂದ ಹಾಡೂ ಹಳೇ ಹಂತಿ ಪದ ಗುನುಗಕೋತ ಹೋಗ್ತಿದ್ದೆ.

ಅದನ್ನೂ ನೋಡಲಾರದಾದ್ರು. ನಮ್ಮನಿಯವರು ಕೋಠಿ ಬಜಾರಕ್ಕ ಹೋಗಿ ಒಂದು ಕ್ಯಾಮೆರಾ ತಂದು ಮುಂದಿನ ಕಾಚಿಗೆ ಕೂಡಿಸಿದ್ರು. 'ಯಾರರ ಗುದ್ದಿ ಓಡಿ ಹೋದ್ರ ಸಾಕ್ಷಿ ಬೇಕಲ್ಲ' ಅಂದ್ರು. ಅದು ರಸ್ತಾನೂ ತೋರಸ್ತಿತ್ತು, ಒಳಗ ಕುಂತ ನನ್ನೂ ತೋರಸ್ತಿತ್ತು. ಗಾಡಿ ಬಂದ್ ಮಾಡಿದ್ರೂ ಅದು ಬಂದ್ ಆಗ್ತಿರಲಿಲ್ಲ. ಅಂಗಡ್ಯಾಗ ಗಾದಿ ಮ್ಯಾಲ ಕುಂತು ಫೋನಿನ್ಯಾಗ ನನ್ನ ನೋಡ್ತಿದ್ರು, ಒಳಗಿನ ಸಪ್ಪಳಾನೂ ಕೇಳ್ತಿದ್ರು. ಪಂಜಾಗುಟ್ಟಾದಾಗ ಕಬ್ಬಿನ ಹಾಲು ಕುಡ್ಯಾಕ ನಿಂತ್ರ ಫೋನು: 'ಯಾಕ ನಿಂತಿ?' 'ಕಬ್ಬಿನ ಹಾಲು ಕುಡ್ಯಾಕತ್ತೀನ್ರಿ.' 'ಮನ್ಯಾಗ ನೀರಿಲ್ಲೇನು?' ಹಂತಿ ಪದ ಅಲ್ಲಿಗೆ ನಿಂತ್ವು. ಕೇಳವರು ಇದ್ದಾರ ಅಂದ ಮ್ಯಾಲ ಹಾಡೂದ್ಹೆಂಗ?

ದೀಪ ಮೊದಲ ಸಲ ಹತ್ತಿದ್ದು ಒಂದು ಸೋಮವಾರ ಮುಂಜಾನೆ. ಗಾಡಿ ಚಾಲೂ ಮಾಡಿದ್ನೋ ಇಲ್ಲೋ, ಮುಂದಿನ ಪರದೆ ಮ್ಯಾಲ ಹಳದಿ ಗಾಡಿ ಚಿತ್ರ, ನಡುವ ಗೀಟು ಚುಕ್ಕಿ. ಅದರ ಬಾಜೂಕ ಬ್ರೇಕಿನ ದೀಪ, ಸ್ಟೇರಿಂಗಿನ ದೀಪ, ಹೆಸರ ಗೊತ್ತಿಲ್ಲದ ಇನ್ನೆರಡು. ಯವ್ವಾ, ಜೀವ ಬಾಯಿಗೆ ಬಂತು. ಹಾಸ್ಟೆಲ್ ಹುಡುಗ್ಯಾರು ಹಸದು ಕುಂತಿರ್ತಾರ ಅಂತ ಹಂಗ ಹೊಂಟೆ. ನಾರಾಯಣಗುಡಾ ಮುಟ್ಟೂದ್ರಾಗ ಒಂದು ಆಮಿ ಚಿತ್ರ ಬಂತು. ಆಮಿ ಬಂತಂದ್ರ ಗಾಡಿ ಜೋರು ಓಡೂದಿಲ್ಲ ಅಂತ ಅರ್ಥ. ಎಷ್ಟ ಒತ್ತಿದ್ರೂ ಹೆಣದ ಮೆರವಣಿಗಿ. ಹಿಂದಿನ ಆಟೋದವ ಬಾಜೂಕ ಬಂದು, 'ಕ್ಯಾ ಅಮ್ಮಾ, ಸೋಗಯೇ ಕ್ಯಾ' ಅಂದ, ನಿದ್ದಿ ಹತ್ತಿತೇನು ಅಂತ ಕೇಳಿ ಹೋದ. ಗಾಡಿ ಬಾಜೂಕ ಹಚ್ಚಿ ನಮ್ಮನಿಯವರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಮಾತು, 'ನೀ ಏನ ಒತ್ತಿದಿ?'

ಈ ಮಾತು ನೆನಪಿಡ್ರಿ ಅಂತ ನಾ ಹೇಳೂದ ಬ್ಯಾಡ, ಮುಂದ ಎಲ್ಲಾರೂ ಇದನ್ನ ಕೇಳ್ಯಾರ. ಸರ್ವಿಸ್ ಸೆಂಟರ್ ಇದ್ದದ್ದು ಸಿಕಂದರಾಬಾದ್ ಕಡೆ. ನಾ ಅಲ್ಲಿ ಮುಟ್ಟೂದ್ರಾಗ ಒಂದ ದೀಪ ಇಲ್ಲ! ಜ್ವರ ಬಂದ ಕೂಸು ಡಾಕ್ಟರ ಮುಂದ ನಕ್ಕೋತ ಆಡ್ತೈತಲ್ಲ, ಹಂಗ. ಅಲ್ಲಿ ಗಿರಾಕಿ ಕೂಡ ಮಾತಾಡಾಕ ಅಂತ ಒಬ್ಬಾವ ಇದ್ದ, ಇಸ್ತ್ರಿ ಅಂಗಿ, ಕೊಳ್ಳಾಗ ಗುರ್ತಿನ ಪಟ್ಟಿ. ಸ್ಟೇರಿಂಗ್ ಕೆಳಗ ಒಂದು ಯಂತ್ರ ಚುಚ್ಚಿದ. ಅದರ ಪರದೆ ಮ್ಯಾಲ ದೋಷದ ನಂಬರು ಸಾಲ ಹಿಡದು ಇಳದ್ವು. ನಾ ಬಗ್ಗಿ ನೋಡೂದ್ರಾಗ ಒಂದು ಗುಂಡಿ ಒತ್ತಿದ, ಎಲ್ಲಾ ಮಾಯ. 'ಕ್ಲಿಯರ್ ಚೇಸಾನಮ್ಮಾ, ಏಂ ಕಾದು' ಅಂದ. ಅಳಿಸೀನಿ, ಏನೂ ಆಗೂದಿಲ್ಲ ಅಂತ. 'ಮತ್ತ ಬಂದದ್ಯಾಕ?' ಅಂದೆ. 'ಸಾಫ್ಟ್‌ವೇರ್' ಅಂದ. ಆಮ್ಯಾಲ ಗಾಡಿ ಥಳಥಳ ತೊಳದು ಕೊಟ್ರು, ಚಾವಿ ಕೈಯಾಗ ಇಟ್ರು.

ಕಳವಾದ ಮನ್ಯಾಗ ಮೊದಲ ಕಸಾ ಹೊಡದು, ನೆಲಾ ಒರಿಸಿ, ಆಮ್ಯಾಲ ಪೊಲೀಸರ್ನ ಕರದಂಗಾತು ಇವರ ಕೆಲಸ. ಆ ನಂಬರಿನ್ಯಾಗ ಏನಿತ್ತೋ ಯಾರಿಗೆ ಗೊತ್ತು? ಎರಡು ವಾರಕ್ಕ ಮತ್ತ ದೀಪ. ಮತ್ತ ಹೋದೆ, ಮತ್ತ ಅಳಿಸಿದ್ರು, ಮತ್ತ ತೊಳದ್ರು. ಕಾಗದ ನಮ್ಮನಿಯವರ ಹೆಸರಿಗೆ ಇದ್ದದ್ದಕ್ಕ ಗಾಡಿ ಸುದ್ದಿ ಎಲ್ಲಾ ಅವರ ಫೋನಿಗೆ ಹೋಗ್ತಿತ್ತು. 'ಸಾರ್, ಮೇಡಂ ಎರಡೂ ಪೆಡಲ್ ಕೂಡೇ ಒತ್ತಿರಬೇಕು' ಅಂತ ಸರ್ವಿಸಿನಾವ ಒಮ್ಮೆ ಹೇಳಿದ್ನಂತ. ಇವರು ಮನಿಗೆ ಬಂದು, 'ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ' ಅಂದು ಕೈ ತೊಳಕೊಂಡು ಊಟಕ್ಕ ಕುಂತ್ರು. ಉಣ್ಣಾಕ ಬಡಿಸಿದ್ದು ನಾನ.

ಅಂಥಾದ್ರಾಗ ಬಂತು ನೋಡ್ರಿ ಮಾನೌಮಿ. ಅಂಗಡಿ ಮಂದಿಗೆ ಖಂಡೆ ಪೂಜಿ ಅಂದ್ರ ಭಾಳ ದೊಡ್ಡದು. ತಕ್ಕಡಿ, ಗಲ್ಲಾ ಪೆಟ್ಟಿಗಿ, ಸುತ್ತಿಗಿ ಎಲ್ಲಾದಕ್ಕೂ ಪೂಜಿ ಮಾಡೂದು ಗಂಡಸರ ಕೆಲಸ, ನಮ್ಮ ಮನ್ಯಾಗ ಹೆಂಗಸರು ಮುಟ್ಟೂಹಂಗಿಲ್ಲ. ಅಂಗಡಿ ಪೂಜಿ ಮುಗಿಸಿ ನಮ್ಮನಿಯವರು ಮನಿಗೆ ಬಂದು ಗಾಡಿ ಮುಂದ ನಿಂತ್ರು. ಬಾನೆಟ್ ಎತ್ತಿದ್ರು. ಒಳಗ ಬರೇ ಕರೀ ಪ್ಲಾಸ್ಟಿಕ್ ಮುಚ್ಚಳ. 'ಇಂಜಿನ್ನ ಇಲ್ಲದ ಗಾಡಿಗೆ ಪೂಜಿ ಎಲ್ಲಿ ಮಾಡೂದಲೇ?' ಅಂತ ತಮಗ ತಾವ ಕೇಳಿಕೊಂಡು ಒಂದು ಸುತ್ತು ಹಾಕಿದ್ರು. ಆಮ್ಯಾಲ ಚಾರ್ಜಿಂಗ್ ಮುಚ್ಚಳ ತಗದ್ರು. 'ಇದು ಉಣ್ಣೂದು ಇಲ್ಲಿಂದ. ಹಂಗಾದ್ರ ಇದ ಇದರ ಬಾಯಿ' ಅಂದ್ರು. ಬಾಯಿಗೆ ಅರಿಷಿಣ ಹಚ್ಚಿದ್ರು, ಕುಂಕುಮ ಹಚ್ಚಿದ್ರು, ಅಕ್ಷತಿ ಹಾಕಿದ್ರು, ತಂಬಿಗಿ ನೀರಿನ್ಯಾಗ ಎಲಿ ಅದ್ದಿ ಅದ್ದಿ ಹೊಡದ್ರು. 'ರೀ, ಅದರಾಗ ಕರೆಂಟ್ ಬರ್ತೈತ್ರಿ' ಅಂದೆ. 'ಪೂಜಿ ಹೊತ್ತಿನ್ಯಾಗ ಅಪಶಕುನ ನುಡೀಬ್ಯಾಡ' ಅಂದ್ರು. ಗಾಲಿ ಕೆಳಗ ನಿಂಬಿಹಣ್ಣು ಇಟ್ಟು ನನಗ ಮುಂದಕ್ಕ ಓಡಸು ಅಂದ್ರು, ಓಡಿಸಿದೆ.

ಅವತ್ತ ಸಂಜಿಕ ಚಾರ್ಜಿಂಗ್ ವೈರ್ ಹಚ್ಚಿದ್ರ ಆ ವೈರಿನ ಪೆಟ್ಟಿಗಿ ಮ್ಯಾಲ ಕೆಂಪು ದೀಪ. ಕರೆಂಟ್ ಒಳಗ ಹೋಗವಲ್ದು. ಪರದೆ ಮ್ಯಾಲ ಹೊಸಾ ಎಚ್ಚರಿಕಿ. ಹಬ್ಬ ಮುಗದ ಮ್ಯಾಲ ಗಾಡಿ ಎಳಸಿಕೊಂಡು ಸಿಕಂದರಾಬಾದಕ್ಕ ಹೋದ್ವಿ, ಈ ಸಲ ಇಬ್ಬರೂ. ಸರ್ವಿಸಿನಾವ ಮುಚ್ಚಳ ತಗದ, ಒಳಗ ಕೆಂಪಗ ಅರಿಷಿಣ ಕುಂಕುಮದ ರಾಡಿ, ಒಂದು ತೂತಿನ್ಯಾಗ ಅಕ್ಕಿ ಕಾಳು. ಫೋನ್ ತಗದು ನಾಕೂ ಕಡಿಯಿಂದ ಫೋಟೋ ಹೊಡಕೊಂಡ. ಹೊಡಕೊಂಡು ನಮ್ಮನಿಯವರ ಕಡೆ ನೋಡಿ ನಕ್ಕು, 'ಲೇಡೀಸ್‌ಕಿ ಸೆಂಟಿಮೆಂಟ್ ಎಕ್ಕುವ ಸಾರ್' ಅಂದ. ಹೆಂಗಸರಿಗೆ ಇಂಥಾದ್ದರ ಮ್ಯಾಲ ನಂಬಿಕಿ ಜಾಸ್ತಿ ಅಂತ.

ನಾ ನಮ್ಮನಿಯವರ ಮಾರಿ ನೋಡಿದೆ. ಈಗ ಹೇಳ್ತಾರ, ಈಗ ಹೇಳ್ತಾರ ಅಂತ ನಿಂತೆ. ಅವರು ಗ್ವಾಡಿ ಮ್ಯಾಲಿನ ಟೈರಿನ ಚಿತ್ರಾ ನೋಡಕೋತ 'ಔನು' ಅಂದ್ರು. ಹೌದು ಅಂತ.

ಭೂಮಿ ಬಾಯಿ ತಗೀಲಿಲ್ಲ, ಏನೂ ಆಗಲಿಲ್ಲ. ಸರ್ವಿಸಿನಾವ ನನಗ ಪಾಠ ಶುರು ಮಾಡಿದ: ಅಮ್ಮಾ, ಇದು ದೇವರ ಜಗಲಿ ಅಲ್ಲಮ್ಮಾ, ಇನ್ನ ಮ್ಯಾಲ ದೀಪ ಹತ್ತಿದ್ರ ಅದು ನಿಮ್ಮ ಕುಂಕುಮದ್ದ ಪ್ರಸಾದ, ವಾರಂಟಿ ಕೇಳಬ್ಯಾಡ್ರಿ. 'ದೀಪ ಹಬ್ಬಕಿಂತ ಮೊದಲ ಹತ್ತಾಕತ್ತಿತ್ತಲ್ಲಪ್ಪಾ' ಅಂದೆ. ಅದಕ್ಕ ಅವ ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗ, 'ಉಂಡಚ್ಚು' ಅಂದ. ಇರಬಹುದು ಅಂತ. ಆ ಎರಡನೇ ದೀಪದ ಸಲುವಾಗಿ ಮೊದಲನೇದನ್ನ ಹುಡಕೂದು ಬಿಟ್ಟ ಬಿಟ್ರು. ತೂತು ಸ್ವಚ್ಛ ಮಾಡಿ, ಒಣಗಿಸಿ, ಗಾಡಿ ತೊಳದು ಕೊಟ್ರು.

ಮನಿಗೆ ಬರೂಮುಂದ ಕೇಳಿದೆ. 'ಪೂಜಿ ಮಾಡಿದ್ದು ಯಾರ್ರಿ?'

'ಅಷ್ಟು ಮಂದ್ಯಾಗ ನನ್ನ ಮರ್ಯಾದಿ ಕಳೀಬೇಕಿತ್ತೇನು? ನಿನಗ ಅಂದ್ರ ಏನಾತು? ಹೆಂಗಸರಿಗೆ ಅಂತಿರ್ತಾರ.'

'ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ' ಅಂದೆ ನಾನೂ. ಅಂದದ್ದ ತಪ್ಪಾತು. 'ಇನ್ನೊಂದ ಸಲ ಆ ದೀಪ ಹತ್ತಲಿ, ಗಾಡಿ ಮಾರಿ ಬಿಡ್ತೀನಿ. ಬಾಜೂ ಅಂಗಡಿಯವರು ಕೇಳೇ ಕೇಳಾಕತ್ತಾರ. ನೀ ಮೊದಲಿನಂಗ ಆಟೋದಾಗ ಹೋಗು' ಅಂದ್ರು. ಸುಮ್ನ ಹೆದರಸಾಕ ಅಂದದ್ದಲ್ಲ ಅದು. ಕಾಗದ ಅವರ ಹೆಸರಿಗೆ, ಸಹಿ ಅವರದು. ನನ್ನ ರೊಟ್ಟಿ, ನನ್ನ ದುಡಿಮಿ, ನನ್ನ ಚಾವಿ, ಎಲ್ಲಾ ಒಂದು ಹಳದಿ ದೀಪದ ಮ್ಯಾಲ ನಿಂತಿತ್ತು.

ಆಗ ನಾ ಹಟಾ ಹಿಡದೆ. ಇದನ್ನ ನಾನ ಹುಡುಕಬೇಕು, ಯಾರ ಕಾಲೂ ಹಿಡ್ಯಾಂಗಿಲ್ಲ ಅಂತ. ನನ್ನಂಥಾ ಗಾಡಿ ಇದ್ದವರದು ಫೋನಿನ್ಯಾಗ ಒಂದು ಗುಂಪು ಐತಿ. ಅದರಾಗ ಬರದೆ. ಗಂಡಸರು ಬರದ ಉತ್ತರ ನೋಡಬೇಕಿತ್ರಿ ನೀವು. ಒಬ್ಬಾವ 'ನಿಮ್ಮ ಸಾರ್‌ನ ಕೇಳ್ರಿ' ಅಂದ, ಇನ್ನೊಬ್ಬಾವ ಕೈ ಮುಗದ ಚಿತ್ರಾ ಹಾಕಿದ, ಮತ್ತೊಬ್ಬಾವ 'ಏನ ಒತ್ತಿದ್ರಿ?' ಅಂದ. ವರಂಗಲ್ಲಿನ ಒಬ್ಬಾಕಿ ಮಾಸ್ತರತಿ ಮಾತ್ರ ನೆಟ್ಟಗ ಉತ್ತರ ಕೊಟ್ಲು. ಇಂಥಾ ಗಾಡಿಗೆ ಎರಡು ಬ್ಯಾಟರಿ ಇರ್ತಾವಂತ. ಓಡಸೂ ದೊಡ್ಡದೊಂದು, ಮತ್ತ ಎಲ್ಲಾ ಗಾಡಿಗೆ ಇರೂವಂಥಾ ಸಣ್ಣದೊಂದು. ದೊಡ್ಡದು ತುಂಬಿ ತುಳಕಾಕತ್ತಿದ್ರೂ ಸಣ್ಣದರ ಶಕ್ತಿ ಇಳದ್ರ ಗಾಡಿಗೆ ದಿಕ್ಕು ತಪ್ಪಿ ಇದ್ದದ್ದು ಇಲ್ಲದ್ದು ಎಲ್ಲಾ ದೀಪ ಹಚ್ಚತೈತಂತ. ಸ್ವಲ್ಪ ಓಡಿಸಿದ ಮ್ಯಾಲ ಸಣ್ಣದು ಮತ್ತ ತುಂಬತೈತಿ, ದೀಪ ಆರ್ತಾವ. ಓದಿ ಕುಂತಲ್ಲೇ ಕುಂತೆ. ಅದಕ್ಕ ನಾ ಸಿಕಂದರಾಬಾದ್ ಮುಟ್ಟೂದ್ರಾಗ ಗಾಡಿ ಸಾಧು ಆಗಿ ನಿಂತಿರ್ತಿತ್ತು!

ಖರೆ, ಸಣ್ಣದು ಇಳಿಯೂದ್ಯಾಕ? ನೆನಸಿಕೋತ ಹೋದೆ. ದೀಪ ಹತ್ತೂದು ಭಾಳ ಮಾಡಿ ಸೋಮವಾರ. ಐತವಾರ ಹಾಸ್ಟೆಲ್‌ದಾಗ ಬಿರಿಯಾನಿ, ನನ್ನ ರೊಟ್ಟಿ ಯಾರಿಗೂ ಬೇಕಾಗಿಲ್ಲ, ಗಾಡಿ ಶನಿವಾರದಿಂದ ನಿಂತಲ್ಲೇ ನಿಂತಿರ್ತೈತಿ. ನಿಂತ ಗಾಡ್ಯಾಗ ನಿದ್ದಿ ಮಾಡದ ಎಚ್ಚರ ಇರೂದು ಯಾವುದು? ಕಾಚಿನ ಮ್ಯಾಲ ಕಣ್ಣ ತಗದು ಕುಂತಿತ್ತಲ್ಲ ಕ್ಯಾಮೆರಾ, ಅದೊಂದ, ಹಗಲೂ ರಾತ್ರಿ ಆ ಸಣ್ಣ ಬ್ಯಾಟರಿ ಹೀರಕೋತ.

ಗೊತ್ತಾದ ಕೂಡಲೇ ಕುಣದಾಡಲಿಲ್ಲ ನಾನು. ರೊಟ್ಟಿ ಸೀಳಿದ್ರ ಹಿಟ್ಟು, ನೀರು, ಉರಿ ಮೂರೂ ಒಮ್ಮೆ ಬದಲ ಮಾಡಿದ್ರ ತಪ್ಪು ಎಲ್ಲಿತ್ತು ಅಂತ ಸಾಯೂತನಕ ತಿಳಿಯೂದಿಲ್ಲ. ಒಂದೊಂದ ಬದಲ ಮಾಡಬೇಕು. ಧನತ್ರಯೋದಶಿ ಹತ್ತರ ಬಂದಿತ್ತು, ಊರಿಗೂರ ಪಾತ್ರಿ ಕೊಳ್ಳಾಕ ಬೇಗಂ ಬಜಾರಕ್ಕ ನುಗ್ಗಿತ್ತು, ನಮ್ಮನಿಯವರಿಗೆ ಉಣ್ಣಾಕ ಪುರಸತ್ತಿಲ್ಲ, ಫೋನ್ ಎಲ್ಲಿ ನೋಡ್ತಾರ. ಒಂದು ಶನಿವಾರ ಕ್ಯಾಮೆರಾದ ವೈರು ಹಿಡದು ಜಗ್ಗಿದೆ, ಕಳಚಿತು. ಸೋಮವಾರ ದೀಪ ಇಲ್ಲ. ಆ ಮುಂದಿನ ಶನಿವಾರ ಮತ್ತ ಸಿಗಿಸಿ ಇಟ್ಟೆ.

ಆ ಸೋಮವಾರ ಮರೆಯೂದಿಲ್ಲ. ಗಾಡಿ ಚಾಲೂ ಮಾಡಿದೆ, ಎಲ್ಲಾ ದೀಪ ಜಗ್ಗನ ಹತ್ತಿದ್ವು. ಅದ ಹೊತ್ತಿಗೆ ನಮ್ಮನಿಯವರು ಅಂಗಡಿಗೆ ಹೋಗಾಕ ಸ್ಕೂಟರ್ ತಗ್ಯಾಕ ಬಂದ್ರು. 'ದೀಪ ಐತೇನು?' ಅಂದ್ರು. ಅವರಿಗೂ ಪರದೆಗೂ ನಡುವ ನಾ ಅಡ್ಡ ಬಾಗಿ, ರೊಟ್ಟಿ ಡಬ್ಬಿ ಸರಿ ಮಾಡಿದಂಗ ಮಾಡಿ, 'ಇಲ್ರಿ' ಅಂದೆ. ಬಗ್ಗಿ ನೋಡಿದ್ರ ಅವತ್ತ ಗಾಡಿ ಹೋಗಿರ್ತಿತ್ತು. ಸ್ಕೂಟರ್ ಸಪ್ಪಳ ಓಣಿ ತುದಿಗೆ ಹೋಗೂತನಕ ಹಂಗ ಬಾಗಿ ನಿಂತಿದ್ದೆ. ಆಮ್ಯಾಲ ವೈರು ಕಿತ್ತು ಹಾಕಿದೆ.

ಮುಗೀತು. ದೀಪಾವಳಿ ಹೋತು, ಮದಿವಿ ಸುಗ್ಗಿ ಬಂತು, ಪಾತ್ರಿ ಯಾಪಾರದ ಗದ್ದಲದಾಗ ನಮ್ಮನಿಯವರು ಕ್ಯಾಮೆರಾ ನೋಡೂದ ಮರತ್ರು, ಗಾಡಿ ಒಂದ ದಿನ ತಕರಾರು ಮಾಡಲಿಲ್ಲ. ನಮ್ಮನಿಯವರು ಬೀಗರ ಮುಂದ, 'ಪೂಜಿ ಗೀಜಿ ಬಿಡು ಅಂತ ಇಕಿಗೆ ಜೋರ ಮಾಡಿದೆ ನೋಡ್ರಿ, ಗಾಡಿ ಹಾದಿಗೆ ಬಂತು' ಅಂತ ಹೇಳಿಕೊಂಡು ನಕ್ಕರು. ಬೀಗರೂ ನಕ್ಕರು. ನಾ ಚಹಾ ಕೊಟ್ಟೆ. ಸಿಟ್ಟು ಬಂದಿತ್ತು, ಆದ್ರ ಅದಕ್ಕಿಂತ ಹೆಚ್ಚು ಒಂದು ಆಸೆ ಇತ್ತು, ಸುಳ್ಯಾಕ ಹೇಳಲಿ. ನಾ ಕಂಡು ಹಿಡದದ್ದು ಗೊತ್ತಾದ್ರ ಇವರ ಬಾಯಾಗಿಂದ ಒಂದು 'ಶಾಬಾಸ್' ಬಂದೀತು ಅನಿಸಿತ್ತು. ಅಷ್ಟು ಓದಿದವರು, ಯಂತ್ರ ಚುಚ್ಚಿದವರು ಕೈ ಬಿಟ್ಟದ್ದನ್ನ ರೊಟ್ಟಿ ಬಡಿಯಾಕಿ ಹುಡುಕಿದ್ಲಲ್ಲ.

ಬೀಗರು ಹೋದ ಮ್ಯಾಲ ಕುಂದರಿಸಿಕೊಂಡು ಎಲ್ಲಾ ಹೇಳಿದೆ. ಎರಡು ಬ್ಯಾಟರಿ ಇರೂದು ಹೇಳಿದೆ. ಸೋಮವಾರದ ಲೆಕ್ಕಾ ಹೇಳಿದೆ. ತಗದು ನೋಡಿದ್ದು, ಹಾಕಿ ನೋಡಿದ್ದು, ಮತ್ತ ತಗದದ್ದು, ಒಂದೂ ಬಿಡದ. ಹೇಳಕೋತ ಹೇಳಕೋತ ನನಗ ಖುಷಿ ತಡೀಲಿಲ್ಲ, ಕೈ ಮಾಡಿ ಮಾಡಿ ತೋರಿಸಿದೆ. ಅವರು ಎಲಿಗೆ ಸುಣ್ಣಾ ಹಚ್ಚೂದು ನಿಲ್ಲಿಸಿ ಕೇಳಿದ್ರು. ಪೂರಾ ಕೇಳಿದ್ರು. ಕೇಳಿ, 'ಕ್ಯಾಮೆರಾ ತಗದು ಎಷ್ಟ ದಿನ ಆತು?' ಅಂದ್ರು.

'ದೀಪಾವಳಿ ಮುಂದ ತಗದೀನ್ರಿ.'

ಮನಸ್ಸಿನ್ಯಾಗ ಏನೋ ಎಣಿಸಿದ್ರು. ಆಮ್ಯಾಲ ನನ್ನ ಮಾರಿ ದಿಟ್ಟಿಸಿ ನೋಡಿ, 'ಹಂಗಾದ್ರ ಇಷ್ಟು ದಿನಾ ಎಲ್ಲೆಲ್ಲಿ ಅಡ್ಡಾಡಿದಿ?' ಅಂದ್ರು.

ಗಾಡಿ ಮಾರಲಿಲ್ಲ ಅವರು. ದೀಪ ಹತ್ತದ ಗಾಡಿ ಮಾರಾಕ ನೆವ ಬೇಕಲ್ಲ. ಕ್ಯಾಮೆರಾ ಮತ್ತ ಕೂಡಸಾಕ ನಾ ಕೊಡಲಿಲ್ಲ, ಅದೊಂದು ಗೆದ್ದೀನಿ. ಅವತ್ತ ಮಾತ್ರ ಆ ಮಾತು ಕೇಳಿ ಎದ್ದು ಒಳಗ ಹೋಗಿ ಜೋಳದ ಹಿಟ್ಟು ಜರಡಿ ಹಿಡಕೋತ ಕುಂತೆ, ಕಣ್ಣಾಗ ನೀರು ತಡೀಲಿಲ್ಲ. ಅವರು ಸಂಶೇ ಪಟ್ರಲ್ಲ ಅಂತ ಅತ್ತೆ ಅಂತ ನೀವು ತಿಳಕೋಬಹುದು. ಅದಕ್ಕಲ್ಲ. ನಾನೂ ಎಣಿಸಿ ನೋಡಿದ್ದೆ. ಯಾರೂ ನೋಡದ, ಯಾರೂ ಫೋನ್ ಮಾಡದ ಅಷ್ಟೂ ದಿನ ಚಾವಿ ನನ್ನ ಕೈಯಾಗಿತ್ತು, ಗಾಡಿ ತುಂಬ ಚಾರ್ಜ್ ಇತ್ತು, ಮತ್ತ ನಾ ಅಮೀರ್‌ಪೇಟಕ್ಕ ಹೋಗಿ ನೆಟ್ಟಗ ಮನಿಗೆ ಬಂದಿದ್ದೆ. ಒಂದ ದಿನಾನೂ ಬ್ಯಾರೆ ಎಲ್ಲೂ ಹೋಗಿರಲಿಲ್ಲ.